ನೂರಕ್ಕೆ ಮೂವತ್ತೈದು

ಜಗಳೂರು
12-7-1981

ಚಿ. ಅಂತರಘಟ್ಟಮ್ಮನಿಗೆ ಆಶೀರ್ವಾದಗಳು.

ಇದು ಯಾರ ಅಕ್ಷರ ಎಂದು ಕಾಗದ ತಿರುಗಿಸಿ ತಿರುಗಿಸಿ ನೋಡಬೇಡ. ಸಂತೇಬೆನ್ನೂರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮಾರಪ್ಪ ಇನ್ನೂ ಬದುಕಿದ್ದಾನೆ. ಸರ್ಕಾರ ನನ್ನನ್ನು ಜಗಳೂರಿಗೆ ಎತ್ತಿ ಹಾಕಿ ಐದು ವರ್ಷವಾಯಿತು. ಇಲ್ಲಿ ಮೈದಾನವಿದೆ, ಹುಲ್ಲಿಲ್ಲ. ಹುಡುಗರಿದ್ದಾರೆ, ಓಡುವ ಮನಸ್ಸಿಲ್ಲ. ನನಗೂ ಮೊದಲಿನ ಹುರುಪಿಲ್ಲ; ಸೀಟಿ ಊದಿದರೆ ನನಗೇ ಏದುಸಿರು ಬರುತ್ತದೆ.

ಮೊನ್ನೆ ಚನ್ನಗಿರಿ ಬಸ್ಸಿನಲ್ಲಿ ನಿನ್ನ ಓರಗೆಯ ಶಿವಗಂಗಮ್ಮ ಸಿಕ್ಕಿದ್ದಳು. ನಿಮ್ಮ ಅಪ್ಪ ತೀರಿಕೊಂಡ ಮೇಲೆ ನೀನು ನ್ಯಾಮತಿಯಲ್ಲಿ ಅಕ್ಕನ ಮನೆ ಸೇರಿದ್ದೀಯೆಂದು ಅವಳಿಂದ ಗೊತ್ತಾಯಿತು. ಹೇಗಿದ್ದಾಳೆ ಎಂದರೆ, "ಕುಂತಲ್ಲೇ ಕುಂತಿರ್ತಾಳೆ ಮೇಷ್ಟ್ರೇ, ದಪ್ಪ ಆಗ್ಯಾಳೆ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆಟದ ಪೀರಿಯಡ್ಡಿನಲ್ಲಿ ಆ ಹುಡುಗಿಯನ್ನು ಮರದ ಕೆಳಗೆ ಕೂರಿಸಿಬಿಡಿ ಎಂದು ಹೆಡ್‌ಮಾಸ್ಟರು ಹೇಳಿದರೂ, ಏಳೇ ಎಂದು ಗದರಿ ಎಬ್ಬಿಸಿದವನು ನಾನು. ಮೂರು ವರ್ಷ ನಿನ್ನನ್ನು ನಡೆಸಿದ್ದು ಹೀಗೆ ಕೂರಲಿಕ್ಕಾ?

ವಿಷಯಕ್ಕೆ ಬರುತ್ತೇನೆ. ಈ ವರ್ಷ ಅಂಗವಿಕಲರ ವರ್ಷವೆಂದು ಪ್ರಪಂಚಕ್ಕೆಲ್ಲ ಸಾರಿದ್ದಾರೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಕ್ರೀಡಾಕೂಟವಿದೆ. ಅರವತ್ತು ಮೀಟರ್ ಓಟಕ್ಕೆ ನಿನ್ನ ಹೆಸರು ಬರೆದು ಕಳಿಸಿದ್ದೇನೆ. ನಿನ್ನನ್ನು ಕೇಳಲಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೈಯಿ.

ಅಭ್ಯಾಸ ಹೀಗೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರು, ಹತ್ತು ಸಲ. ಗೋಡೆಗೆ ಕೈಕೊಟ್ಟು ಹಿಮ್ಮಡಿ ನೆಲಕ್ಕೆ ಒತ್ತಿ ನೂರು ಎಣಿಸು. ಒಂದು ಸೇರು ರಾಗಿ ಚೀಲಕ್ಕೆ ತುಂಬಿ ಕಣಕಾಲಿಗೆ ಕಟ್ಟಿಕೊಂಡು, ಕೂತಲ್ಲೇ ಕಾಲು ಚಾಚಿ ಮಡಿಸು. ಮಂಡಿಗೆ ಮಂಡಿ ತಾಗದಂತೆ ನಡುವೆ ದಿಂಬು ಇಟ್ಟುಕೋ. ಆಮೇಲೆ ನಡೆ, ದಿನಕ್ಕೆ ಐವತ್ತು ಹೆಜ್ಜೆ ಹೆಚ್ಚಿಸುತ್ತ ಹೋಗು. ಎಷ್ಟು ಸಲ ಮಾಡಿದೆ ಎಂದು ಕಾರ್ಡು ಹಾಕು. ನನಗೆ ಎಣಿಕೆ ಬೇಕು, ನೆಪ ಬೇಡ.

ನಿನ್ನ ಮೇಷ್ಟ್ರು,
ಮಾರಪ್ಪ

&nbsp;

ನ್ಯಾಮತಿ
2-8-1981

ಪೂಜ್ಯ ಮೇಷ್ಟ್ರಿಗೆ ಅಂತರಘಟ್ಟಮ್ಮನ ನಮಸ್ಕಾರಗಳು.

ಬೈಯಬೇಕೆಂದು ಮೂರು ವಾರ ಯೋಚಿಸಿದೆ. ಮಾತು ಸಿಗಲಿಲ್ಲ. ದಪ್ಪ ಆಗಿರುವುದು ನಿಜ. ಬೆಳಿಗ್ಗೆ ಎದ್ದು ಭಾವನವರ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತರೆ ಪೊಟ್ಟಣ ಕಟ್ಟುತ್ತ ಮಧ್ಯಾಹ್ನವಾಗುತ್ತದೆ, ಊಟ ಮಾಡಿ ಮತ್ತೆ ಕೂತರೆ ಸಂಜೆಯಾಗುತ್ತದೆ. ಅಕ್ಕ ಕಸ್ತೂರಮ್ಮ ಒಂದು ಮಾತು ಆಡುವವಳಲ್ಲ. ಭಾವ ವಿರೂಪಾಕ್ಷಪ್ಪನವರೂ ಒಳ್ಳೆಯವರೇ. ಆದರೆ ಒಳ್ಳೆಯವರ ಮನೆಯಲ್ಲೂ ಎಷ್ಟು ವರ್ಷ ಅಂತ ಇರುವುದು? ನನ್ನದೇ ಒಂದು ಕೆಲಸ, ನನ್ನದೇ ಒಂದು ಕೋಣೆ ಬೇಕು ಅನ್ನಿಸುತ್ತದೆ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.

ನಿಮಗೆ ಒಂದು ಸಂಗತಿ ತಿಳಿಸಬೇಕು. ಕಳೆದ ವರ್ಷ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದೆವು. ನನ್ನ ಕಾಲಿನದು ಪೋಲಿಯೋ ಅಲ್ಲವಂತೆ. ಸೆರೆಬ್ರಲ್ ಪಾಲ್ಸಿ ಎಂದು ಚೀಟಿಯಲ್ಲಿ ಬರೆದರು. ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿದೆ, ಕಾಲಿನದೇನೂ ತಪ್ಪಿಲ್ಲ, ಬಿಗಿ ಬಿಡು ಎಂದು ಮೆದುಳು ಹೇಳುವುದಿಲ್ಲ, ಅದಕ್ಕೇ ಸ್ನಾಯು ಬಿಡುವುದಿಲ್ಲ ಎಂದರು. ಭಾರ ಕಟ್ಟಿ ವ್ಯಾಯಾಮ ಮಾಡಿದರೆ ಬಿಗಿತ ಇನ್ನೂ ಹೆಚ್ಚುತ್ತದೆ, ಮಾಡಲೇಬಾರದು ಎಂದೂ ಹೇಳಿದರು. ಈಗ ನೀವು ರಾಗಿ ಚೀಲ ಕಟ್ಟು ಎನ್ನುತ್ತೀರಿ. ಯಾರ ಮಾತು ಕೇಳಲಿ?

ಕೇಳುವ ಮೊದಲೇ ಕಟ್ಟಿಕೊಂಡೆ ಅನ್ನಿ. ಭಾವ ನೋಡಿ, "ಈ ರಾಗಿ ಕಟ್ಕಂಡ್ರೆ ಕಾಲು ನೆಟ್ಟಗಾಗ್ತೈತೇನಮ್ಮ?" ಎಂದರು. ಒಳಗಿನಿಂದ ಅಕ್ಕ, "ಆಗ್ದಿದ್ರೆ ಮುದ್ದೆ ಮಾಡಾಕಾದ್ರೂ ಆಗ್ತೈತೆ, ಸುಮ್ನಿರ್ರಿ" ಎಂದಳು. ಎದ್ದು ಕೂರುವುದು ಹತ್ತು ಹೇಳಿದ್ದಿರಿ. ನಾಲ್ಕಾಯಿತು.

ಅಂತರಘಟ್ಟಮ್ಮ

&nbsp;

ಜಗಳೂರು
14-8-1981

ಚಿ. ಅಂತರಘಟ್ಟಮ್ಮನಿಗೆ,

ಆ ಡಾಕ್ಟರು ನಿನ್ನನ್ನು ಎಷ್ಟು ಹೊತ್ತು ನೋಡಿದರು? ಐದು ನಿಮಿಷ ಇರಬಹುದು. ನಾನು ಮೂರು ವರ್ಷ ನೋಡಿದ್ದೇನೆ. ಎಂಟನೇ ತರಗತಿಗೆ ಬಂದಾಗ ಬಾಗಿಲು ಹಿಡಿದು ನಿಲ್ಲುತ್ತಿದ್ದವಳು ಹತ್ತನೇ ತರಗತಿಯಲ್ಲಿ ಮೈದಾನಕ್ಕೆ ಒಂದು ಸುತ್ತು ಬರುತ್ತಿದ್ದೆ. ಅದು ಬಿಗಿತವೋ ಬಲವೋ? ಅಂಗೈ ಹುಣ್ಣಿಗೆ ಕನ್ನಡಿ ಬೇಡ. ರಾಗಿ ಬಿಚ್ಚಬೇಡ.

ನಾಲ್ಕು ಎಂದು ಸುಳ್ಳಿಲ್ಲದೆ ಬರೆದೆಯಲ್ಲ, ಅದು ಸರಿ. ಮುಂದಿನ ಕಾರ್ಡಿನಲ್ಲಿ ಎಂಟು ಇರಲಿ.

ಮಾರಪ್ಪ

&nbsp;

ನ್ಯಾಮತಿ
20-12-1981

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮಗೆ ರಜೆ ಸಿಗಲಿಲ್ಲವೆಂದು ತಿಳಿದು ಬೆಂಗಳೂರಿಗೆ ಅಕ್ಕ ಜೊತೆಗೆ ಬಂದಳು. ಬಸ್ಸಿನಲ್ಲಿ ಕೂತು ಕೂತು ಕಾಲು ಕಟ್ಟಿಗೆಯಾಗಿತ್ತು. ಮೈದಾನ ತಲುಪಿದಾಗ ನಿಲ್ಲಲೂ ಆಗಲಿಲ್ಲ. ಒಂದು ಗೋಡೆ ಹುಡುಕಿ, ಹಿಮ್ಮಡಿ ಒತ್ತಿ, ನೂರರ ಬದಲು ಮುನ್ನೂರು ಎಣಿಸಿದೆ.

ಬಂದವರಲ್ಲಿ ಹೆಚ್ಚಿನವರು ಪೋಲಿಯೋದವರು. ನಡೆದರೆ ಮಂಡಿಗೆ ಮಂಡಿ ತಾಗುವ ನನ್ನಂಥ ಕತ್ತರಿಗಾಲಿನವರು ನಾಲ್ಕೇ ಜನ. ನಮ್ಮ ನಾಲ್ವರನ್ನೇ ಒಂದು ಓಟಕ್ಕೆ ನಿಲ್ಲಿಸಿದರು. ಮೈಕಿನವನಿಗೆ ನನ್ನ ಹೆಸರು ಬಾಯಿಗೆ ಬರಲಿಲ್ಲ. "ಅಂತರ... ಅಂತರ... ನ್ಯಾಮತಿ" ಎಂದು ಕೂಗಿ ಮುಗಿಸಿದ. ಸೀಟಿ ಊದಿದ ಸದ್ದಿಗೆ ನನ್ನ ಮೈಯೆಲ್ಲ ಬೆಚ್ಚಿ ಸೆಟೆದುಕೊಂಡಿತು. ಉಳಿದ ಮೂವರಿಗೂ ಹಾಗೇ ಆಯಿತು. ಸೀಟಿ ಊದಿದ ಮೇಲೂ ನಾಲ್ವರೂ ಗೆರೆಯ ಮೇಲೇ ನಿಂತಿದ್ದೆವು. ಜನ ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೊರಟೆವು.

ನಲವತ್ತು ಮೀಟರಿನವರೆಗೆ ಚೆನ್ನಾಗಿತ್ತು. ನಂತರ ಮಂಡಿ ತಾಗತೊಡಗಿತು. ಪಕ್ಕದವಳು ಬಿದ್ದಳು, ನಾನು ನಿಲ್ಲಲಿಲ್ಲ. ಇಪ್ಪತ್ತೊಂದು ಸೆಕೆಂಡು. ಎರಡನೇ ಸ್ಥಾನ. ಪ್ರಶಸ್ತಿ ಪತ್ರ ಕೊಟ್ಟಿದ್ದಾರೆ, ಅದರಲ್ಲಿ ಹೆಸರು ಪೂರ್ತಿ ಬರೆದಿದ್ದಾರೆ. ಅಕ್ಕ ಸೆರಗು ಮುಖಕ್ಕೆ ಹಿಡಿದು ಅತ್ತಳು. ನನಗೂ ಅಳು ಬಂತು. ಸಂತೋಷಕ್ಕೆ ಎಂದು ತಿಳಿದುಕೊಳ್ಳಿ.

ನಿಮ್ಮ ವಿದ್ಯಾರ್ಥಿನಿ,
ಅಂತರಘಟ್ಟಮ್ಮ

&nbsp;

ಜಗಳೂರು
9-1-1982

ಚಿ. ಅಂತರಘಟ್ಟಮ್ಮನಿಗೆ,

ಸಂತೋಷಕ್ಕಲ್ಲದೆ ಇನ್ನೇತಕ್ಕೆ! ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿದೆ. ಗಣಿತದ ಮೇಷ್ಟ್ರು, "ನಾಕ್ರಾಗ ಎರಡ್ನೇದಾ?" ಎಂದು ಮೂತಿ ತಿರುವಿದರು. ನಾಲ್ಕರಲ್ಲಿ ಎರಡು ಎನ್ನುವುದು ಅವರ ಲೆಕ್ಕ. ನಾಲ್ಕು ಸಲ ಏಳಲಾಗದವಳು ಓಡಿದಳಲ್ಲ, ಅದು ನನ್ನದು. ಮೂವತ್ತು ವರ್ಷ ಸೀಟಿ ಊದಿದ್ದಕ್ಕೆ ಇದೊಂದಾದರೂ ಸಿಕ್ಕಿತು.

ಇದರ ಜೊತೆ ಪೇಪರಿನ ಒಂದು ತುಂಡು ಇಟ್ಟಿದ್ದೇನೆ. ಹೊನ್ನಾಳಿಯ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತೆ ಕೆಲಸ, ಅಂಗವಿಕಲರಿಗೆ ಮೀಸಲು. ನಿನ್ನ ಎಸ್ಸೆಸ್ಸೆಲ್ಸಿ ಸಾಕು, ಅಕ್ಷರವೂ ಮುತ್ತಿನಂತಿದೆ. ದೊಡ್ಡ ಆಸ್ಪತ್ರೆಯ ಡಾಕ್ಟರುಗಳ ಬೋರ್ಡಿನವರು ನೂರಕ್ಕೆ ನಲವತ್ತು ಅಂಗವೈಕಲ್ಯ ಎಂದು ಸರ್ಟಿಫಿಕೇಟು ಕೊಡಬೇಕು, ಅಷ್ಟೆ. ಪ್ರಶಸ್ತಿ ಪತ್ರವನ್ನು ಲಗತ್ತಿಸುವುದು ಮರೆಯಬೇಡ. ಬೋರ್ಡಿನ ಮುಂದೆ ನೆಟ್ಟಗೆ ನಡೆದುಕೊಂಡು ಹೋಗು. ಕೋಲು ಬೇಡ, ಭಾವನ ತೋಳೂ ಬೇಡ. ನೌಕರಿ ಕೇಳಲು ಹೋಗುವವಳು ಭಿಕ್ಷೆಗೆ ಹೋದ ಹಾಗೆ ಹೋಗಬಾರದು.

ಮಾರಪ್ಪ

&nbsp;

ನ್ಯಾಮತಿ
18-4-1982

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಬೋರ್ಡು ಆಯಿತು. ನೂರಕ್ಕೆ ಮೂವತ್ತೈದು ಕೊಟ್ಟರು. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಬಂದರೆ ಪಾಸು, ಇಲ್ಲಿ ಫೇಲು.

ಉದ್ದನೆಯ ವರಾಂಡದಲ್ಲಿ ನೀವು ಹೇಳಿಕೊಟ್ಟಂತೆ ಎದೆ ಎತ್ತಿ, ಮುಂದೆ ನೋಡುತ್ತ, ಒಬ್ಬಳೇ ನಡೆದೆ. ಮೂವರು ಡಾಕ್ಟರುಗಳು ಕೂತಿದ್ದರು. ನಡುವೆ ಕೂತಿದ್ದವರು ಕಾಗದ ತಿರುವಿ ಹಾಕುತ್ತ ಪ್ರಶಸ್ತಿ ಪತ್ರ ಬಂದಾಗ ಕೈ ನಿಲ್ಲಿಸಿದರು. "ಓಟದಲ್ಲಿ ಎರಡನೇ ಸ್ಥಾನ ಬಂದವಳಿಗೆ ಅಂಗವಿಕಲತೆ ಎಲ್ಲಿಂದ ಬಂತಮ್ಮಾ?" ಎಂದರು. ಅವರು ಕೆಟ್ಟ ಮನುಷ್ಯರಲ್ಲ, ನಗುತ್ತಲೇ ಕೇಳಿದರು. ಅದು ಕಾಲು ಸರಿ ಇಲ್ಲದವರ ಓಟ ಎಂದೆ. "ಆದ್ರೂ ಓಡಿದೀಯಲ್ಲ" ಎಂದರು.

ಪ್ರಶಸ್ತಿ ಪತ್ರ ಇಟ್ಟಿದ್ದು ನನ್ನದೇ ದಡ್ಡತನ. ಭಾವನವರಿಗೂ ಹಾಗೇ ಹೇಳಿದ್ದೇನೆ. ಹತ್ತು ತಿಂಗಳ ಮೇಲೆ ಮತ್ತೆ ಬೋರ್ಡಿಗೆ ಹೋಗಬಹುದಂತೆ. ಆ ಕೆಲಸಕ್ಕೆ ಯಾರೂ ಸಿಗದಿದ್ದರೆ ಮತ್ತೆ ಕರೆಯುತ್ತಾರಂತೆ. ಏನೂ ಬರೆಯಲು ಮನಸ್ಸಿಲ್ಲ, ಆಯಾಸವಾಗಿದೆ.

ಅಂತರಘಟ್ಟಮ್ಮ

&nbsp;

ಜಗಳೂರು
6-5-1982

ಚಿ. ಅಂತರಘಟ್ಟಮ್ಮನಿಗೆ,

ನಿನ್ನ ಕಾಗದ ಓದಿ ಎರಡು ದಿನ ಹುಡುಗರಿಗೆ ಸುಮ್ಮಸುಮ್ಮನೆ ಬೈದೆ. ಹೋಗಲಿ. ಆದದ್ದಾಯಿತು, ಕಾಗದ ಪತ್ರ ಇಡುವಾಗ ಇನ್ನು ಮೇಲೆ ಯೋಚಿಸಿ ಇಡು.

ಈಗ ನನ್ನ ಮಾತು ಕೇಳು. ಅಭ್ಯಾಸ ಬಿಡಬೇಡ. ಹತ್ತು ತಿಂಗಳೂ ಮಾಡು, ಹೆಚ್ಚಿಗೇ ಮಾಡು. ಬೋರ್ಡಿನ ದಿನ ಮಾತ್ರ ನಾಟಕ ಆಡು. ಕಾಲೆಳೆದು ನಡೆ, ಭಾವನ ಭುಜ ಹಿಡಿ, ಹತ್ತು ಹೆಜ್ಜೆಗೆ ನಿಂತುಕೋ. ಮೋಸವಲ್ಲ ಇದು. ಅವರು ಕಣ್ಣಿಗೆ ಕಂಡದ್ದಕ್ಕೆ ಅಂಕ ಕೊಡುತ್ತಾರೆ, ಅವರಿಗೆ ಕಾಣುವ ಹಾಗೆ ತೋರಿಸಬೇಕು. ಮನೆಯಲ್ಲಿ ನಡೆಯುವ ಕಾಲು ಉಳಿದರೆ ಸಾಕು.

ಎಣಿಕೆ ಕಳಿಸುವುದು ನಿಲ್ಲಿಸಬೇಡ. ಅದು ಬಂದರೆ ನನಗೆ ಸಮಾಧಾನ.

ಮಾರಪ್ಪ

&nbsp;

ನ್ಯಾಮತಿ
30-8-1982

ಮೇಷ್ಟ್ರಿಗೆ ನಮಸ್ಕಾರಗಳು. ಎದ್ದು ಕೂರುವುದು ಮೂವತ್ತು. ರಾಗಿ ಒಂದೂವರೆ ಸೇರು. ನಡಿಗೆ ಒಂದು ಸಾವಿರದ ಇನ್ನೂರು ಹೆಜ್ಜೆ. ಎಲ್ಲರೂ ಆರಾಮ.

ಅಂತರಘಟ್ಟಮ್ಮ

&nbsp;

ಜಗಳೂರು
15-10-1982

ಚಿ. ಅಂತರಘಟ್ಟಮ್ಮನಿಗೆ,

ಕಾರ್ಡು ಚಿಕ್ಕದಾದರೂ ಎಣಿಕೆ ದೊಡ್ಡದಿದೆ, ನನಗೆ ಅಷ್ಟು ಸಾಕು. ರಾಗಿಯನ್ನು ಎರಡು ಸೇರಿಗೆ ಏರಿಸು. ನನ್ನ ಎಡ ಮಂಡಿ ಊದಿಕೊಂಡು ಮೆಟ್ಟಿಲು ಹತ್ತುವುದು ಕಷ್ಟವಾಗಿದೆ. ಪ್ರಾರ್ಥನೆಗೆ ಹುಡುಗರನ್ನು ನಿಲ್ಲಿಸಿ ನಾನು ಕುರ್ಚಿಯ ಮೇಲೆ ಕೂತು "ಸಾವಧಾನ್" ಎನ್ನುತ್ತೇನೆ. ನಗಬೇಡ.

ಮಾರಪ್ಪ

&nbsp;

ನ್ಯಾಮತಿ
5-1-1983

ಮೇಷ್ಟ್ರಿಗೆ ನಮಸ್ಕಾರಗಳು. ಎದ್ದು ಕೂರುವುದು ನಲವತ್ತು. ರಾಗಿ ಎರಡು ಸೇರು. ನಡಿಗೆ ಎರಡು ಸಾವಿರ. ಬೋರ್ಡು ಫೆಬ್ರವರಿ ಇಪ್ಪತ್ತೆರಡಕ್ಕೆ. ನಿಮ್ಮ ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡಿ.

ಅಂತರಘಟ್ಟಮ್ಮ

&nbsp;

ಜಗಳೂರು
24-2-1983

ಚಿ. ಅಂತರಘಟ್ಟಮ್ಮನಿಗೆ ನೂರು ಆಶೀರ್ವಾದ.

ನಿನಗೊಂದು ಗುಟ್ಟು ಹೇಳುತ್ತೇನೆ. ಮೊನ್ನೆ ಬೋರ್ಡಿನ ದಿನ ನಾನು ಬಂದಿದ್ದೆ! ಎರಡು ಬಸ್ಸು ಬದಲಾಯಿಸಿ, ಹತ್ತು ಗಂಟೆಗೆ ಮೊದಲೇ ಆಸ್ಪತ್ರೆಯ ಗೇಟಿನ ಎದುರು ಚಹಾದಂಗಡಿಯಲ್ಲಿ ಕೂತಿದ್ದೆ. ಎದುರಿಗೆ ಬರಬಾರದೆಂದೇ ಬಂದೆ. ನನ್ನನ್ನು ಕಂಡರೆ ನೀನು ಅಭ್ಯಾಸಬಲದಿಂದ ನೆಟ್ಟಗೆ ನಡೆದುಬಿಡುತ್ತೀಯೆಂದು ಹೆದರಿಕೆ. ನಿಮ್ಮ ಭಾವನವರ ಮುಂದೆ ಬರುವುದಕ್ಕೂ ನನಗೆ ಸಂಕೋಚ. ಬೆಂಗಳೂರಿನ ಓಟಕ್ಕೆ ಮೊದಲೊಮ್ಮೆ ನ್ಯಾಮತಿಗೆ ಬಂದಾಗ ಜಗಲಿಯ ಮೇಲೆ ಕೂತೇ ನೀರು ಕುಡಿದು ಹೋದವನು ನಾನು. ಅದು ಬೇರೆ ಮಾತು, ಬಿಡು.

ಎಂಥ ನಟನೆ, ಮಗಳೇ! ಭಾವನವರು ಜಟಕಾದಿಂದ ನಿನ್ನನ್ನು ಕೂಸಿನ ಹಾಗೆ ಎತ್ತಿ ಇಳಿಸಿದರು. ನೀನು ಅವರ ಭುಜಕ್ಕೆ ಜೋತುಬಿದ್ದು, ಹಿಮ್ಮಡಿ ನೆಲಕ್ಕೆ ತಾಗಿಸದೆ, ಮಂಡಿಗೆ ಮಂಡಿ ಉಜ್ಜುತ್ತ, ಐದು ಹೆಜ್ಜೆಗೊಮ್ಮೆ ನಿಂತೆ. ನಾನು ಹತ್ತು ಹೇಳಿದ್ದೆ, ನೀನು ಐದಕ್ಕೇ ಇಳಿಸಿದೆ. ಗೇಟಿನ ಹತ್ತಿರ ಅತ್ತ ಹಾಗೆ ಮುಖ ಮಾಡಿದೆಯಲ್ಲ, ಅದನ್ನು ಯಾವ ಕಂಪನಿ ನಾಟಕದವರೂ ಮಾಡಲಾರರು. ನಕ್ಕು ನಕ್ಕು ಚಹಾ ಪಂಚೆಯ ಮೇಲೆ ಚೆಲ್ಲಿಕೊಂಡೆ. ಅಂಗಡಿಯವನು, "ಯಾಕ್ರೀ, ಕಾಲಿಲ್ಲದೋರ ನೋಡಿ ನಗ್ತೀರಿ, ನಿಮಗೇನು ಬಂದೈತೆ?" ಎಂದು ಬೈದ. ಅದಕ್ಕೂ ನಕ್ಕೆ. ಅವನಿಗೇನು ಗೊತ್ತು, ನಲವತ್ತು ಸಲ ಎದ್ದು ಕೂರುವವಳು ಇವಳು ಎಂದು.

ಎಷ್ಟು ಕೊಟ್ಟರು? ಬೇಗ ಬರೆ.

ಮಾರಪ್ಪ

&nbsp;

ಹೊನ್ನಾಳಿ
12-6-1983

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನೀವು ನಕ್ಕ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಆಮೇಲೆ ನಿಮ್ಮ ಮೂರು ಕಾರ್ಡು ಬಂದವು. ಒಂದಕ್ಕೂ ಬರೆಯಲಿಲ್ಲ. ಇಂದು ಭಾನುವಾರ, ಕಛೇರಿಗೆ ರಜೆ. ಇಂದು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ ಎನ್ನಿಸಿ ಕೂತಿದ್ದೇನೆ.

ಮೇಷ್ಟ್ರೇ, ಅದು ನಟನೆ ಅಲ್ಲ.

ಮೊದಲನೇ ಬೋರ್ಡು ಮುಗಿಸಿ ಬಂದ ವಾರವೇ ಭಾವ ಹೇಳಿದರು: "ನೋಡಮ್ಮ, ನಾಟಕ ಆಡಾಕೆ ಆಗಲ್ಲ. ಅವರು ಸುತ್ತಿಗಿ ತಗಂಡು ಮಂಡಿಗೆ ಬಡೀತಾರೆ, ಪಾದ ಹಿಡಿದು ಎತ್ತಿ ನೋಡ್ತಾರೆ. ಹತ್ತು ತಿಂಗ್ಳು ಮಂಚ ಬಿಟ್ಟು ಇಳೀಬ್ಯಾಡ. ಕಾಲು ಮೊದ್ಲು ಹೆಂಗಿತ್ತೋ ಹಂಗಾಗ್ಲಿ. ಅದೇ ಕಾಲೇ ನಿಂಗೆ ಅನ್ನ ಹಾಕ್ಬೇಕು." ಅಕ್ಕ ಬೇಡ ಎಂದು ಅತ್ತಳು. ನಾನೇ ಹೂಂ ಎಂದೆ. ನನ್ನನ್ನು ಯಾರೂ ಕಟ್ಟಿ ಹಾಕಲಿಲ್ಲ. ನನಗೆ ಕೆಲಸ ಬೇಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಂಚದ ಮೇಲೆ ಮೊದಲ ಹದಿನೈದು ದಿನ ನನಗೆ ಸುಖವಾಗಿತ್ತು. ಯಾರೂ ಏಳು ಎನ್ನಲಿಲ್ಲ, ನಡೆ ಎನ್ನಲಿಲ್ಲ. ರಾಗಿ ಕಟ್ಟಿಕೊಂಡ ದಿನಗಳಲ್ಲಿ ಸಂಜೆಯಾದರೆ ಮೀನಖಂಡ ಹಿಡಿದುಕೊಂಡು ಉಸಿರು ನಿಲ್ಲುವಷ್ಟು ನೋಯುತ್ತಿತ್ತು. ಬೆಂಗಳೂರಿನಲ್ಲಿ ಅತ್ತದ್ದು ಅದಕ್ಕೇ. ಓಡಿ ಮುಗಿಸಿದ ಮೇಲೆ ಎರಡು ದಿನ ನನ್ನನ್ನು ಅಕ್ಕ ಎತ್ತಿಕೊಂಡು ಬಚ್ಚಲಿಗೆ ಹೋದಳು. ನಿಮಗೆ ಬರೆಯಲಿಲ್ಲ. ನೀವು ಯಾವತ್ತೂ ಎಷ್ಟು ಸಲ ಎಂದು ಕೇಳಿದಿರಿ, ಆಮೇಲೆ ಹೇಗಿತ್ತು ಎಂದು ಕೇಳಲಿಲ್ಲ. ನೆಪ ಬೇಡ ಎಂದಿದ್ದಿರಿ. ನೋವನ್ನು ಬರೆದರೆ ಅದೂ ನೆಪವಾಗುತ್ತದೆ ಎಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಎದ್ದು ನೋಡಿದೆ. ಏಳಲಾಗಲಿಲ್ಲ. ಹಿಮ್ಮಡಿ ನೆಲಕ್ಕೆ ಬರಲಿಲ್ಲ. ಹೆದರಿ, ಕೂತಲ್ಲೇ ಅಭ್ಯಾಸ ಶುರು ಮಾಡೋಣವೆಂದುಕೊಂಡೆ. ಆದರೆ ಮಾಡಿದರೆ ಮತ್ತೆ ಮೂವತ್ತೈದು. ಸುಮ್ಮನಾದೆ. ನಿಮಗೆ ಕಾರ್ಡು ಬರೆದದ್ದು ಆ ಮಂಚದ ಮೇಲಿಂದಲೇ. ಮೂವತ್ತು, ನಲವತ್ತು, ಎರಡು ಸಾವಿರ ಹೆಜ್ಜೆ, ಎಲ್ಲ ಸುಳ್ಳು. ಬಂದರೆ ಸಮಾಧಾನ ಎಂದಿದ್ದಿರಲ್ಲ, ಅದಕ್ಕೆ ಕಳಿಸಿದೆ.

ಗೇಟಿನ ಹತ್ತಿರ ನಾನು ಅತ್ತ ಹಾಗೆ ಮುಖ ಮಾಡಿದ್ದಲ್ಲ. ಅತ್ತೆ.

ನೂರಕ್ಕೆ ಅರವತ್ತು ಕೊಟ್ಟರು. ಕೆಲಸ ಸಿಕ್ಕಿತು. ಏಪ್ರಿಲ್‌ನಿಂದ ಹೊನ್ನಾಳಿಯಲ್ಲಿದ್ದೇನೆ. ಅಂಗವಿಕಲರ ಮಾಸಾಶನದ ಅರ್ಜಿ ತೆಗೆದುಕೊಳ್ಳುವ ಮೇಜು ಕೊಟ್ಟಿದ್ದಾರೆ. ಕಛೇರಿಗೆ ಹದಿನಾಲ್ಕು ಮೆಟ್ಟಿಲು. ಜವಾನ ಚಿತ್ತಪ್ಪ ಬೆಳಿಗ್ಗೆ ಕುರ್ಚಿಯ ಸಮೇತ ಎತ್ತಿ ಒಳಗೆ ಕೂರಿಸುತ್ತಾರೆ, ಸಂಜೆ ಇಳಿಸುತ್ತಾರೆ. ನನ್ನದೇ ಒಂದು ಕೋಣೆಯೂ ಇದೆ. ಒಲೆಯಿಂದ ಬಾಗಿಲಿಗೆ ಗೋಡೆ ಹಿಡಿದು ಹೋಗುತ್ತೇನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನೀವೇ ಹೇಳುತ್ತಿದ್ದಿರಿ.

ನನ್ನನ್ನು ಕ್ಷಮಿಸಬೇಕು ಎಂದು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ನಿಮ್ಮ ಮೇಲೂ ಸಿಟ್ಟು ಬಂತು. ಎರಡೂ ನಿಜ.

ಅಂತರಘಟ್ಟಮ್ಮ

&nbsp;

ಜಗಳೂರು
3-8-1983

ಅಮ್ಮಾ ಅಂತರಘಟ್ಟಮ್ಮ,

ನಿನ್ನ ಕಾಗದಕ್ಕೆ ಏಳು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಡಬ್ಬಿಗೆ ಹಾಕುತ್ತೇನೆ.

ಪ್ರಶಸ್ತಿ ಪತ್ರ ಲಗತ್ತಿಸು ಎಂದವನು ನಾನು. ನೀನು ನಿನ್ನ ದಡ್ಡತನ ಎಂದು ಬರೆದೆ. ನಾನು ಅದನ್ನು ಓದಿ ಸುಮ್ಮನೆ ಒಪ್ಪಿಕೊಂಡೆ, ಸಾಲದ್ದಕ್ಕೆ ಇನ್ನು ಮೇಲೆ ಯೋಚಿಸಿ ಇಡು ಎಂದು ಬುದ್ಧಿ ಹೇಳಿದೆ.

ನನಗೊಬ್ಬಳು ತಂಗಿಯಿದ್ದಳು, ಮೂಕಮ್ಮ ಎಂದು. ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ. ಕಾಲು ನಿನ್ನಂಥವೇ. ನಮ್ಮ ಕೇರಿಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಅವಳನ್ನು ಗುಡಿಸಲಿನ ಮೂಲೆಯಲ್ಲಿ ಮಲಗಿಸಿದ್ದೆವು, ಮಲಗಿದಲ್ಲೇ ಹತ್ತೊಂಬತ್ತು ವರ್ಷ ಬದುಕಿ ಹೋದಳು. ನೀನು ಮೊದಲ ದಿನ ಬಾಗಿಲು ಹಿಡಿದು ನಿಂತದ್ದು ನೋಡಿದಾಗ ನನಗೆ ಕಂಡದ್ದು ಅವಳು. ನಿನಗೆ ಏಳು ಏಳು ಎಂದು ಕೂಗಿದ್ದೆಲ್ಲ ಅವಳಿಗೆ ಕೂಗಿದ್ದು. ಅವಳನ್ನು ಏನೂ ಕೇಳಲು ಆಗಲಿಲ್ಲ. ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಆ ಚಹಾದಂಗಡಿಯವನು ನನಗಿಂತ ಚೆನ್ನಾಗಿ ನೋಡಿದ್ದ.

ನಾನು ಇನ್ನು ಯಾರಿಗೂ ಅಭ್ಯಾಸ ಬರೆದು ಕೊಡುವುದಿಲ್ಲ. ಬರುವ ವರ್ಷ ನಿವೃತ್ತಿ. ಸೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ನೀನು ಬರೆದರೆ ಓದುತ್ತೇನೆ, ಬರೆಯದಿದ್ದರೆ ಅದೂ ನ್ಯಾಯವೇ.

ಮಾರಪ್ಪ

&nbsp;

ಹೊನ್ನಾಳಿ
11-2-1984

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಆರು ತಿಂಗಳು ಬರೆಯಲಿಲ್ಲ. ಸಿಟ್ಟು ಇಳಿಯಲು ಅಷ್ಟು ದಿನ ಬೇಕಾಯಿತು, ಪೂರ್ತಿ ಇಳಿದಿಲ್ಲ. ಕಾಲು ಹಾಗೇ ಇದೆ. ಮೊದಲಿನಂತಾಗುವುದಿಲ್ಲ ಎಂದು ನನಗೂ ಗೊತ್ತು.

ಮೊನ್ನೆ ಮೇಜಿನ ಮುಂದೆ ಹೊನ್ನೂರಮ್ಮ ಎಂಬ ಹೆಂಗಸು ಬಂದಳು. ಬೆನ್ನ ಮೇಲೆ ಹನ್ನೆರಡು ವರ್ಷದ ಮಗಳು, ಅಜ್ಜಮ್ಮ. ಕಾಲು ನೋಡಿದ ಕೂಡಲೇ ನನಗೆ ತಿಳಿಯಿತು, ನಮ್ಮ ಕುಲದವಳೇ. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಸ್ವತಂತ್ರವಾಗಿ ನಡೆಯಬಲ್ಲರೇ? ಹೌದು ಅಥವಾ ಇಲ್ಲ. ಹೊನ್ನೂರಮ್ಮ, "ಇಲ್ಲ ಅಂತ ಬರ್ಕಳ್ರಿ ಅಮ್ಮಾರೇ, ಒಂದು ಹೆಜ್ಜಿ ಎತ್ತಿಡಾಕೂ ಬರಲ್ಲ" ಎಂದಳು. ಮಗಳನ್ನು ಬೆಂಚಿನ ಮೇಲೆ ಕೂರಿಸಿ ಫೋಟೋ ತರಲು ಹೊರಗೆ ಹೋದಳು.

ತಾಯಿ ಅತ್ತ ಹೋದದ್ದೇ, ಹುಡುಗಿ ಎದ್ದು ಬೆಂಚು ಹಿಡಿದು, ಬೆಂಚು ಬಿಟ್ಟು, ನೀರಿನ ಗಡಿಗೆಯ ತನಕ ನಡೆದಳು. ನೀರು ಕುಡಿದು ಬಂದು ಕೂತಳು. "ನಮ್ಮವ್ವಗೆ ಹೇಳ್ಬ್ಯಾಡ್ರಿ" ಎಂದಳು. ನೋಯುತ್ತದಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹೋಗುವಾಗ ನೋಯಲ್ಲ, ಬರುವಾಗ ನೋಯ್ತೈತೆ" ಎಂದಳು. ಇಪ್ಪತ್ತೈದು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ನಾನೇ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಹೊನ್ನೂರಮ್ಮ ಬಂದ ಮೇಲೆ, ಇವಳನ್ನು ಹೊರಬೇಡ, ದಿನಾ ನಡೆಸು, ದಣಿದಾಗ ಕೂರಿಸು ಎಂದೆ. ಅವಳಿಗೆ ಕೆಂಡದಂಥ ಕೋಪ ಬಂತು. "ನೀವು ಇಲ್ಲ ಅಂತ ಬರೆಸ್ಕಂಡೇ ಈ ಕುರ್ಚ್ಯಾಗೆ ಕುಂತಿರಾದು. ನನ್ನ ಮಗಳಿಗ್ಯಾಕೆ ಹೌದು ಅಂತೀರಿ?" ಎಂದಳು.

ಹೌದು, ಇಲ್ಲ, ಎರಡನ್ನೂ ಹೊಡೆದು ಹಾಕಿದೆ. ಪಕ್ಕದ ಖಾಲಿ ಜಾಗದಲ್ಲಿ ಬರೆದೆ: "ನಡೆಯುತ್ತಾಳೆ. ಹೋಗುವಾಗ ನೋಯುವುದಿಲ್ಲ, ಬರುವಾಗ ನೋಯುತ್ತದೆ. ದಿನವೂ ನಡೆಯಬೇಕಾದರೆ ಮಾಸಾಶನ ಬೇಕು." ಹೆಡ್ ಗುಮಾಸ್ತರು ನೋಡಿ, "ಇದೇನಮ್ಮ, ಅರ್ಜಿನೋ, ಅಕ್ಕನಿಗೆ ಬರೆದ ಕಾಗದನೋ?" ಎಂದರು. ಆದರೂ ಕಳಿಸಿದರು. ಅದು ಮೂವತ್ತೈದಾಗಿ ವಾಪಸ್ ಬರುತ್ತದೋ ಏನೋ ಎಂದು ದಿನಾ ಟಪಾಲು ಬಂದಾಗ ಮೊದಲು ಅದನ್ನೇ ಹುಡುಕುತ್ತೇನೆ. ನಿಮ್ಮ ಪ್ರಶಸ್ತಿ ಪತ್ರದ ಕೆಲಸವನ್ನೇ ನಾನೂ ಮಾಡಿದೆನೋ ಏನೋ.

ವಾಪಸ್ ಬಂದರೆ ಹೊನ್ನೂರಮ್ಮನಿಗೆ ಕಾಗದದಲ್ಲಿ ತಿಳಿಸಲಾರೆ, ಅವಳಿಗೆ ಓದು ಬಾರದು. ಬೇರೆಯವರ ಬಾಯಲ್ಲಿ ಹೇಳಿಸಲೂ ಮನಸ್ಸಿಲ್ಲ. ನಾನೇ ಅವರ ಮನೆಗೆ ಹೋಗಿ ಎದುರಿಗೆ ನಿಂತು ಹೇಳಬೇಕು, ಮತ್ತೊಂದು ಅರ್ಜಿ ಅಲ್ಲೇ ಬರೆದುಕೊಂಡು ಬರಬೇಕು. ಬಸ್ಸು ನಿಲ್ಲುವಲ್ಲಿಂದ ಅವರ ಕೇರಿಗೆ ಅರ್ಧ ಮೈಲಿಯಂತೆ. ಅಲ್ಲಿ ಯಾರ ಹೆಗಲ ಮೇಲೂ ಹೋಗಲಾರೆ.

ಇವತ್ತು ಒಲೆಯಿಂದ ಬಾಗಿಲಿಗೆ ಹೋಗಿ ಬಂದೆ, ಎರಡು ಸಲ. ಎರಡನೇ ಸಲ ಬರುವಾಗ ಕಣ್ಣಲ್ಲಿ ನೀರು ಬಂತು. ನನಗೆ ಅರ್ಧ ಮೈಲಿಗೆ ಅಭ್ಯಾಸ ಬರೆದು ಕೊಡಿ, ಮೇಷ್ಟ್ರೇ. ಈ ಸಲ ವಾಪಸ್ ಬರುವುದನ್ನೂ ಸೇರಿಸಿ ಬರೆಯಿರಿ.

ಅಂತರಘಟ್ಟಮ್ಮ